ಉಡಿ ತುಂಬಿದ ಮರುದಿನ

ಶುರುವಾದದ್ದು ನವೆಂಬರಿನಲ್ಲಿ. ಗಿಡಗಳೆಲ್ಲ ಬೋಳಾಗಿ, ಹಿಮ ಮಾತ್ರ ಇನ್ನೂ ಬೀಳದೆ, ಬೇಸ್‌ಮೆಂಟಿನ ಬಿಸಿಗಾಳಿಯ ಫರ್ನೇಸು ಆಗಲೇ ಗುರುಗುಟ್ಟತೊಡಗಿದ್ದ ಒಂದು ರವಿವಾರ, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ. ಮಲ್ಲವ್ವ ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಿದ್ದಳು. ಬೆನ್ನ ಹಿಂದೆ ಟೇಬಲ್ಲಿನ ಹತ್ತಿರ ಗಿರಿಜಾ ಕೂತಿದ್ದಳು. ಕಪ್ಪು ಎತ್ತುವ, ಇಡುವ ಸಪ್ಪಳ ಬರಬೇಕಿತ್ತು, ಬರುತ್ತಿರಲಿಲ್ಲ. ಚಹಾ ಆರುತ್ತಿದೆ ಎಂದು ಹೇಳೋಣವೆನಿಸಿತು, ಹೇಳಲಿಲ್ಲ. ಹೇಳಿದರೆ ಮಾತು ಶುರುವಾಗುತ್ತದೆ, ಶುರುವಾದ ಮಾತು ನಿನ್ನೆಯ ಕಡೆಗೆ ಹೋಗುತ್ತದೆ. ಪಿಕರಿಂಗ್ ಎಂಬ ಈ ಪರದೇಶದ ಊರಿನ ಸಣ್ಣ ಮನೆಯಲ್ಲಿ ಇಬ್ಬರೇ ಇಷ್ಟು ವರ್ಷ ಕಳೆದ ಮೇಲೆ ಮಾತು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ತಿಳಿಯುತ್ತದೆ. ತಪ್ಪಿಸಲು ಮಾತ್ರ ಬರುವುದಿಲ್ಲ.

“ನಿನ್ನೆ ನಿನಗೆ ಖುಷಿ ಆಯ್ತು, ಅಲ್ವಾ?” ಎಂದಳು ಗಿರಿಜಾ.

“ಹೂಂ. ಆತು,” ಎಂದಳು ಮಲ್ಲವ್ವ ತಿರುಗದೆ. ಸುಳ್ಳು ಹೇಳಬಹುದಿತ್ತು. ಆದರೆ ನಿನ್ನೆ ವೇದಿಕೆಯ ಮೇಲೆ ತನ್ನ ಮುಖ ಹೇಗಿತ್ತೆಂಬುದನ್ನು ಪಕ್ಕದಲ್ಲೇ ಕೂತವಳು ನೋಡಿದ್ದಳು.

ನಿನ್ನೆ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ. ಪ್ರತಿ ವರ್ಷ ಹಿರಿಯ ದಂಪತಿಗಳನ್ನು ಕರೆದು ಕುರ್ಚಿಯಲ್ಲಿ ಕೂಡಿಸುತ್ತಾರೆ. ಗಂಡನ ತಲೆಗೆ ಮೈಸೂರು ಪೇಟ ಇಟ್ಟು ಶಾಲು ಹೊದಿಸುತ್ತಾರೆ, ಹೆಂಡತಿಗೆ ಉಡಿ ತುಂಬುತ್ತಾರೆ. ಸೆರಗೊಡ್ಡಿ ಕೂತವಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಕುಬುಸದ ಖಣ. ಗಂಡ ಬದುಕಿರುವವಳಿಗೆ ಮಾತ್ರ ಅದು. ಮಲ್ಲವ್ವನ ಗಂಡ ನವಲಗುಂದದ ಹತ್ತಿರ ಜ್ವರದಿಂದ ಹೋದಾಗ ಅವಳಿಗೆ ಇನ್ನೂ ಮೈ ಬಲಿತಿರಲಿಲ್ಲ. ಆಮೇಲೆ ಯಾವ ಊರಿನ ಯಾವ ಕಾರ್ಯದಲ್ಲಿ ಕೂತರೂ ಕುಂಕುಮದ ತಟ್ಟೆ ಅವಳ ತನಕ ಬಂದು, ಸ್ವಲ್ಪ ಮೇಲೆದ್ದು, ಅವಳ ತಲೆಯ ಮೇಲಿಂದ ಆಚೆಯವಳಿಗೆ ಹೋಗುತ್ತಿತ್ತು. ನಿಲ್ಲಿಸದೆ ಹೋಗುವ ಬಸ್ಸಿನ ಹಾಗೆ. ತಟ್ಟೆ ಹಿಡಿದ ಕೈಯ ಬಳೆ ಕಿವಿಯ ಹತ್ತಿರ ಒಮ್ಮೆ ಸದ್ದು ಮಾಡುತ್ತಿತ್ತು, ಅಷ್ಟೆ. ತಮ್ಮನ ಮಕ್ಕಳನ್ನು ನೋಡಿಕೊಳ್ಳಲೆಂದು ಈ ದೇಶಕ್ಕೆ ಬಂದಾಗಲೂ ಆ ಬಳೆಯ ಸದ್ದು ಜತೆಗೇ ಬಂದಿತ್ತು. ತಮ್ಮನ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದ ಗಿರಿಜಾ, ಕೂದಲು ಕತ್ತರಿಸಿಕೊಂಡು, ಬೂಟು ಹಾಕಿಕೊಂಡು, ಅಣುಸ್ಥಾವರದಲ್ಲಿ ಶಿಫ್ಟು ಮಾಡುತ್ತಿದ್ದ ಗಿರಿಜಾ, ಮೊದಲ ದೀಪಾವಳಿಗೆ ಮೆಟ್ಟಿಲು ಹತ್ತಿ ಬಂದು ಏನೂ ಕೇಳದೆ ಮಲ್ಲವ್ವನ ಹಣೆಗೆ ಕುಂಕುಮ ಇಟ್ಟಿದ್ದಳು. “ನಂಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ,” ಎಂದಿದ್ದಳು. ಗೊತ್ತಿತ್ತು. ಗೊತ್ತಿದ್ದೇ ಇಟ್ಟಿದ್ದಳು.

ನಿನ್ನೆ ಹೆಂಗಸರು ತಟ್ಟೆ ಹಿಡಿದು ಬಂದರು. ಮಲ್ಲವ್ವ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ತೊಡೆಯ ಮೇಲೆ ಅದರ ಭಾರ ಕೂತಿತು. ಭಾರ ಎಂದರೆ ಎಷ್ಟೂ ಅಲ್ಲ, ಒಂದು ಕೂಸಿನ ತಲೆಯಷ್ಟು. ಕಣ್ಣು ಮಂಜಾದವು. ಆ ಮಂಜಿನೊಳಗೆ ಚಪ್ಪಾಳೆ ಕೇಳಿಸಿತು, ನಗು ಕೇಳಿಸಿತು, “ಯಜಮಾನ್ರಿಗೆ ಪೇಟ, ಯಜಮಾನ್ರಿಗೆ ಪೇಟ” ಎಂದು ಯಾರೋ ಕೂಗಿದ್ದು ಕೇಳಿಸಿತು. ತಿರುಗಿ ನೋಡಿದರೆ ಗಿರಿಜಾಳ ತಲೆಯ ಮೇಲೆ ಜರಿಯ ಪೇಟ ಇತ್ತು, ಹೆಗಲ ಮೇಲೆ ಶಾಲು ಇತ್ತು. ಜೋಡಿಗೆ ಒಂದು ಪೇಟ, ಒಂದು ಉಡಿ ಎಂದು ಲೆಕ್ಕ ಹಾಕಿ ತಂದಿದ್ದರು. ಸೀರೆ ಉಟ್ಟವಳಿಗೆ ಉಡಿ, ಪ್ಯಾಂಟು ಹಾಕಿದವಳಿಗೆ ಪೇಟ. ಯಾರಲ್ಲೂ ಕೇಡು ಇರಲಿಲ್ಲ. ಎಲ್ಲರೂ ಸಂತೋಷದಲ್ಲಿದ್ದರು, ಫೋನು ಎತ್ತಿ ಹಿಡಿದಿದ್ದರು. ಗಿರಿಜಾ ನಗುತ್ತಿದ್ದಳು. ಸ್ಥಾವರದಲ್ಲಿ ಸೂಪರ್‌ವೈಸರನ ಮುಂದೆ ನಗುತ್ತಿದ್ದ ನಗು ಅದು, ಹಲ್ಲು ಮಾತ್ರ ಕಾಣುವಂಥದು. ಮಲ್ಲವ್ವ ಅದನ್ನು ನೋಡಿದಳು. ನೋಡಿಯೂ ಸೆರಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ಎದ್ದರೆ ಎಲ್ಲಿ ಚೆಲ್ಲುತ್ತದೋ ಎಂದು.

“ಮೂವತ್ತು ವರ್ಷ ಗಂಡಸಿಲ್ಲದ ಮನೆ ಅಂತ ಆಡ್ಕೊಂಡ್ರು,” ಗಿರಿಜಾ ಈಗ ಹೇಳುತ್ತಿದ್ದಳು. “ಇವಾಗ ಗೆದ್ದಿದೀವಿ ಅಂತ ನನ್ನನ್ನೇ ಗಂಡಸು ಮಾಡಿ ಕೂರಿಸಿದ್ರು. ನಾನು ಯಾವತ್ತು ನಿನಗೆ ಗಂಡ ಆಗಿದ್ದೆ, ಮಲ್ಲಿ?”

“ಅವ್ರಿಗೆ ತಿಳೀಲಿಲ್ಲ.”

“ತಿಳಿಸು ಮತ್ತೆ. ನಾನು ಹೇಳಿದ್ರೆ ಜಗಳಗಂಟಿ ಅಂತಾರೆ, ಹೋದ ಸಲ ಅಂದ್ರಲ್ಲ. ನೀನು ಹೇಳಿದ್ರೆ ಕೇಳ್ತಾರೆ. ಇವತ್ತು ನೀಲಾಂಬಿಕಾ ಬರ್ತಾಳಲ್ಲ, ಹೇಳು. ನಮ್ಮನೇಲಿ ಯಜಮಾನ ಇಲ್ಲ, ಇಬ್ಬರೂ ಹೆಂಗಸ್ರು ಅಂತ. ಇಷ್ಟೇ. ಒಂದು ಸಲ, ನಾಲ್ಕು ಜನರ ಮುಂದೆ.”

“ಹೇಳ್ತೀನಿ.”

“ನಾನು ಬೇರೇನೂ ಕೇಳಲ್ಲ ಇನ್ನು.”

ಕಪ್ಪು ಎತ್ತಿದ ಸಪ್ಪಳ ಬಂತು. ಆರಿದ ಚಹಾವನ್ನೇ ಕುಡಿದಳು.

ಗೆದ್ದದ್ದು ಸಪ್ಟೆಂಬರಿನಲ್ಲಿ. ನೀಲಾಂಬಿಕಾ ಧಾರವಾಡದವಳು, ಯೂನಿಯನ್‌ವಿಲ್ ಕಡೆ ಯಾವುದೋ ದೊಡ್ಡ ಕಂಪನಿಯಲ್ಲಿ ಇಂಜಿನಿಯರು. ಇಬ್ಬರು ಗಂಡಸರಾಗಲಿ ಇಬ್ಬರು ಹೆಂಗಸರಾಗಲಿ, ಮದುವೆಯಾದವರು ಮದುವೆಯಾದವರೇ, ಸಂಘದಲ್ಲಿ ಅವರೂ ಒಂದು ಕುಟುಂಬ, ಸಂಘದ ಹಾಲ್‌ನಲ್ಲಿ ಅವರ ಮದುವೆಗೂ ಜಾಗವಿದೆ ಎಂದು ಹೇಳಿ ಚುನಾವಣೆಗೆ ನಿಂತಳು, ತನ್ನ ಕಡೆಯವರನ್ನೂ ನಿಲ್ಲಿಸಿದಳು. ಗೆದ್ದ ದಿನ ಮಲ್ಲವ್ವನನ್ನು ತಬ್ಬಿಕೊಂಡು ಅತ್ತಳು. ಪೇಡೆ ಹಂಚಿದರು. ಆ ದಿನ ಮಲ್ಲವ್ವನಿಗೆ ಎಲ್ಲ ಮುಗಿಯಿತು ಎನಿಸಿತ್ತು, ದೊಡ್ಡ ಕಾರ್ಯದ ಪಾತ್ರೆ ತೊಳೆದಿಟ್ಟು ಕೂತಾಗ ಆಗುವಂಥ ಆಯಾಸ, ಅದರಲ್ಲೊಂದು ಸುಖ. ಸ್ವಲ್ಪ ದಿನಕ್ಕೆ ನೀಲಾಂಬಿಕಾ ಫೋನು ಮಾಡಿ, ಅಕ್ಕಾ, ಗೆದ್ದರೆ ಆಗಲಿಲ್ಲ, ನಿಯಮ ತಿದ್ದಬೇಕು, ನಿಯಮದಲ್ಲಿ ಗಂಡ ಹೆಂಡತಿ ಎಂದೇ ಇದೆ, ತಿದ್ದಲು ಡಿಸೆಂಬರಿನಲ್ಲಿ ವಿಶೇಷ ಸಭೆ, ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು ಎಂದಳು. ಮತ್ತೆ ಮನೆ ಮನೆ ತಿರುಗಬೇಕು. ಮತ್ತೆ ಚಹಾ, ಮತ್ತೆ ಚೂಡಾ, ಮತ್ತೆ ಸೋಫಾದ ಅಂಚಿನಲ್ಲಿ ಕೂತು ತನ್ನ ಬದುಕನ್ನು ಒಪ್ಪಿಸುವುದು. ಮೇ ತಿಂಗಳಿಗೆ ತೇಜಸ್ವಿ, ರಾಘವ್ ಎಂಬ ಇಬ್ಬರು ಹುಡುಗರು ತಮ್ಮ ಮದುವೆಗೆ ಸಂಘದ ಹಾಲ್ ಕೇಳಿದ್ದರು. ತೇಜಸ್ವಿಯ ತಾಯಿ ಊರಿನಿಂದ ಬರುತ್ತಾಳಂತೆ, ನಮ್ಮವರ ನಡುವೆ ಆದರೆ ಬರುತ್ತೇನೆ ಎಂದಿದ್ದಾಳಂತೆ. ಅದು ಈ ಸಭೆಯ ಮೇಲೆ ನಿಂತಿತ್ತು.

ಹಾಗೆ ನೋಡಿದರೆ ಸರ್ಕಾರದವರು ಒಪ್ಪಿ ಯಾವ ಕಾಲವಾಯಿತು. ಇಬ್ಬರೂ ಸಿಟಿ ಹಾಲಿಗೆ ಹೋಗಿ ನಿಂತಿದ್ದು ಗಿರಿಜಾಳ ಎರಡು ಶಿಫ್ಟಿನ ನಡುವೆ, ಬೂಟು ಕೂಡ ಬದಲಿಸಿರಲಿಲ್ಲ ಅವಳು. ಮೇಜಿನ ಆಚೆ ದಪ್ಪ ಕನ್ನಡಕದ ಒಬ್ಬ ಕರಿಯ ಹೆಂಗಸು. ಮಲ್ಲವ್ವ ಮೂರನೆಯ ಇಯತ್ತೆಯ ಅಕ್ಷರದಲ್ಲಿ ಒಂದೊಂದಾಗಿ ತನ್ನ ಹೆಸರು ಬರೆಯುವ ತನಕ ಆಕೆ ಅವಸರ ಮಾಡಲಿಲ್ಲ, ಒತ್ತಕ್ಷರ ಬಂದಾಗ ಬಗ್ಗಿ ನೋಡಿ “ಬ್ಯೂಟಿಫುಲ್” ಎಂದಳು. ನಿಮ್ಮಲ್ಲಿ ಗಂಡ ಯಾರು ಎಂದು ಆಕೆ ಕೇಳಲಿಲ್ಲ. ಕೇಳಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. ಹೊರಗೆ ಬಂದು ಇಬ್ಬರೂ ಕಾರಿನಲ್ಲಿ ಕೂತು ಆಲೂಗಡ್ಡೆ ಚಿಪ್ಸು ತಿಂದರು. “ಸಾಕಲ್ಲ?” ಎಂದಿದ್ದಳು ಗಿರಿಜಾ. ಸಾಕು ಎಂದಿದ್ದಳು ಮಲ್ಲವ್ವ. ಗಿರಿಜಾಳಿಗೆ ಸಾಕಾಗಿತ್ತು, ತನಗೆ ಸಾಕಾಗಿರಲಿಲ್ಲ, ಅದನ್ನು ಹೇಳಲು ನಾಚಿಕೆಯಾಗಿತ್ತು. ಇಂಗ್ಲಿಷಿನಲ್ಲಿ ಆದ ಮದುವೆ ಇಂಗ್ಲಿಷಿನವರಿಗೆ ಗೊತ್ತಾಯಿತು. ತನ್ನನ್ನು ದಾಟಿಕೊಂಡು ತಟ್ಟೆ ಒಯ್ದ ಕೈಗಳಿಗೆ ಗೊತ್ತಾಗಬೇಕಿತ್ತು.

ನೀಲಾಂಬಿಕಾ ಬಂದಾಗ ರೊಟ್ಟಿ ಅರಿವೆಯಲ್ಲಿ ಸುತ್ತಿ ಆಗಿತ್ತು. ಗಿರಿಜಾ ಹಿಂದಿನ ಅಂಗಳದಲ್ಲಿ ಎಲೆ ಗೋರುತ್ತಿದ್ದವಳು ಕೈ ಎತ್ತಿದಳೇ ಹೊರತು ಒಳಗೆ ಬರಲಿಲ್ಲ. ಕಾರು ಹೈವೇ ಹತ್ತಿತು. ವಾನ್ ಎಂಬ ಊರಿನಲ್ಲಿದ್ದ ಉಮಾಶಂಕರನ ಮನೆಗೆ ಹೋಗಬೇಕಿತ್ತು. ಅವನು ಹುಬ್ಬಳ್ಳಿಯವನು, ವೇರ್‌ಹೌಸಿನಲ್ಲಿ ಮ್ಯಾನೇಜರು. ಆ ಕಡೆಯಿಂದ ಬಂದ ಎಷ್ಟೋ ಮಂದಿಗೆ ಮೊದಲ ಕೆಲಸ ಕೊಡಿಸಿದವನು, ಹಾಗಾಗಿ ಅವನು ಕೈ ಎತ್ತಿದ ಕಡೆ ಅವರೂ ಎತ್ತುತ್ತಿದ್ದರು. ಚುನಾವಣೆಯಲ್ಲಿ ಸೋತ ಕಡೆ ಇದ್ದವನು.

“ಮಲ್ಲವ್ವಕ್ಕಾ, ನಿನ್ನಿ ವಿಡಿಯೋ ನೋಡೀರೇನು? ಎಲ್ಲಾ ಗ್ರೂಪಿನ್ಯಾಗೂ ಅದ ಐತಿ! ಗಿರಿಜಾ ಮೇಡಮ್ಮಾರು ಪೇಟಾದಾಗ ಎಷ್ಟ್ ಸ್ಮಾರ್ಟ್ ಕಾಣಸಾಕತ್ತಿದ್ರು. ದಿವಾನ್ರ ಹಂಗ,” ಎಂದಳು ನೀಲಾಂಬಿಕಾ.

ಈಗ ಹೇಳಬೇಕು ಎಂದುಕೊಂಡಳು ಮಲ್ಲವ್ವ. ಬಾಯಿ ತೆರೆದಳು. ಎಡಗಡೆ ದೊಡ್ಡ ಲಾರಿಯೊಂದು ಒತ್ತಿಕೊಂಡು ಬಂತು, ನೀಲಾಂಬಿಕಾ ಸ್ಟೇರಿಂಗು ಬಿಗಿಹಿಡಿದು “ಮೈ ಗಾಡ್, ಇವ್ನ” ಎಂದಳು. ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ಎರಡು ತಿಂಗಳಿಂದ ಒಂದು ರವಿವಾರವೂ ಮನೆಯಲ್ಲಿ ಕೂತಿಲ್ಲ, ಗಂಡ ಮಾತು ಬಿಟ್ಟಿದ್ದಾನೆ, ಅತ್ತೆ ಬೆಳಗಾವಿಯಿಂದ ಫೋನು ಮಾಡಿ ನಮ್ಮ ಮನೆತನದ ಮಾನ ಎಂದು ಅಳುತ್ತಾಳೆ, ಇದೆಲ್ಲ ಮಲ್ಲವ್ವನಿಗೆ ಗೊತ್ತಿತ್ತು. ನಮ್ಮ ಸಲುವಾಗಿ ಇಷ್ಟು ಮಾಡಿದವಳಿಗೆ ನೀ ಮಾಡಿದ್ದು ತಪ್ಪು ಎಂದು ಹೇಗೆ ಹೇಳುವುದು. ಲಾರಿ ಹೋಗಲಿ ಎಂದುಕೊಂಡಳು. ಲಾರಿ ಹೋಯಿತು. ಎಕ್ಸಿಟ್ಟು ಬರಲಿ ಎಂದುಕೊಂಡಳು. ಗೋಡೌನುಗಳು ಬಂದವು, ಕಿಟಕಿಯೇ ಇಲ್ಲದ ಉದ್ದನೆಯ ಬಿಳಿ ಗೋಡೆಗಳು, ಅವುಗಳ ಹಿಂದೆ ಒಂದೇ ಅಚ್ಚಿನ ಮನೆಗಳು. ಅಲ್ಲಿಯೇ ಹೇಳೋಣ, ನಾಲ್ಕು ಜನರ ಮುಂದೆ ಎಂದಲ್ಲವೇ ಗಿರಿಜಾ ಹೇಳಿದ್ದು. ಹೀಗೆ ಮುಂದೂಡಿದಾಗ ಸಮಾಧಾನವಾಯಿತು, ಆ ಸಮಾಧಾನ ಅವಳಿಗೇ ಇಷ್ಟವಾಗಲಿಲ್ಲ.

ಉಮಾಶಂಕರ ಬಾಗಿಲಿನ ತನಕ ಬಂದು ಕರೆದ. “ಬರ್ರಿ ಬರ್ರಿ ಮಲ್ಲವ್ವಾರ, ಅಲ್ಲೇನು ನಿಂತ್ರಿ, ಇದೇನ್ ನಮ್ಮ ಆಫೀಸೇನು? ಪ್ರೆಸಿಡೆಂಟ್ರೂ ಬರ್ಬೇಕು. ಸೋತವ್ರ ಮನೀಗೆ ಗೆದ್ದವ್ರು ಬಂದ್ರ ನಮಗೂ ಮರ್ಯಾದಿ.”

“ಕಾಲು ಎಳೀಬ್ಯಾಡ್ರಿ ಅಣ್ಣಾ,” ಎಂದಳು ನೀಲಾಂಬಿಕಾ.

ರೊಟ್ಟಿಯ ಗಂಟನ್ನು ಅವನ ಹೆಂಡತಿ ಎರಡೂ ಕೈಯಿಂದ ತಗೊಂಡು ಮೂಸಿ ನೋಡಿ ಒಳಗೆ ಹೋದಳು. ಮಗಳು ಸಂಜನಾ ಮೆಟ್ಟಿಲ ಮೇಲೆ ಕೂತಿದ್ದಳು, ಕಾಲೇಜಿನ ಹುಡುಗಿ, ಇಲ್ಲಿಯೇ ಹುಟ್ಟಿದವಳು. ಮಲ್ಲವ್ವನನ್ನು ಕಂಡು ಎದ್ದು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಅವಳು ನೋಡುವ ರೀತಿಗೆ ಮಲ್ಲವ್ವ ಸೆರಗು ಸರಿಮಾಡಿಕೊಂಡಳು. ಯಾರೂ ತನ್ನನ್ನು ಹಾಗೆ ನೋಡಿರಲಿಲ್ಲ, ಎಲ್ಲಿಂದಲೋ ತನಗಾಗಿಯೇ ಗಟ್ಟಿ ಸುದ್ದಿ ತಂದವರನ್ನು ನೋಡುವ ಹಾಗೆ.

ಮಾತು ಚಳಿಗೆ ಹೋಯಿತು, ಟೈರು ಬದಲಿಸುವುದಕ್ಕೆ ಹೋಯಿತು, ಊರಿನಲ್ಲಿ ಬೈಪಾಸು ಆಗಿ ಯಾರ ಹೊಲ ಹೋಯಿತೆಂಬುದಕ್ಕೆ ಹೋಯಿತು. ಚೂಡಾ ಬಂತು. ಉಮಾಶಂಕರ ಶೇಂಗಾ ಆರಿಸಿ ಬಾಯಿಗೆ ಹಾಕುತ್ತ ಹೇಳಿದ:

“ನೋಡ್ರಿ ಮಲ್ಲವ್ವಾರ, ನಾ ವಿರೋಧ ಅಲ್ಲ. ಈ ದೇಶದಾಗ ಕಾಯ್ದೆ ಐತಿ, ನಾ ಯಾರು ಬ್ಯಾಡ ಅನ್ನಾಕ? ಆದ್ರ ನಮ್ಮ ಮಂದಿ ಕೇಳ್ತಾರ. ಸಂಸಾರ ಅಂದ್ಮ್ಯಾಲೆ ಅದಕ್ಕೊಂದು ಆಕಾರ ಬೇಕಲ್ಲ? ಬಂಡಿ ಎಳಿಯಾವ್ರು ಯಾರು, ಕೂಡಾವ್ರು ಯಾರು? ಅದ ತಿಳಿವಲ್ದಾಗಿತ್ತು. ನಿನ್ನಿ ವಿಡಿಯೋ ನೋಡಿದ ಮ್ಯಾಲೆ ನನಗೂ ಸ್ವಲ್ಪ ತಿಳೀತು. ಗಿರಿಜಾಬಾಯಾರ ನಿಮ್ಮ ಮನೀ ಯಜಮಾನ್ರು ಇದ್ದಂಗ, ನೀವು ಮನಿಯಾಕಿ. ಹೌದಲ್ಲೋ? ಇಷ್ಟ್ ಹೇಳಿದ್ರ ನಮ್ಮ ಮಂದೀಗೆ ಹಿಡಸ್ತೈತಿ.”

“ಅಪ್ಪಾ, ದ್ಯಾಟ್ಸ್ ಸೋ ರೂಡ್,” ಎಂದಳು ಸಂಜನಾ.

“ಏ, ರೂಡ್ ಏನ್ ಬಂತು ಇದ್ರಾಗ? ನಾ ಅವ್ರನ್ನ ಕೇಳಾಕತ್ತೀನಿ.”

“ಯು ಕಾಂಟ್ ಜಸ್ಟ್ ಆಸ್ಕ್ ಪೀಪಲ್ ದ್ಯಾಟ್.”

“ಅವ್ರ ಉತ್ತರ ಕೊಡ್ತಾರ, ನೀ ತಡಿ.”

ಎಲ್ಲರೂ ಮಲ್ಲವ್ವನನ್ನು ನೋಡಿದರು. ಅವನ ಹೆಂಡತಿ ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಳು. ನಾಲ್ಕು ಜನ. ಗಿರಿಜಾ ಕೇಳಿದಷ್ಟೇ ಜನ. ಹೇಳಬೇಕಾದ ಮಾತು ಬಾಯಿಯಲ್ಲಿ ತಯಾರಾಗಿತ್ತು: ಇಲ್ಲ, ನಮ್ಮ ಮನೆಯಲ್ಲಿ ಯಜಮಾನರಿಲ್ಲ. ಚೋಟುದ್ದದ ಮಾತು. ಹೇಳಿದರೆ ಅವನ ಮುಖ ಹೇಗಾಗುತ್ತದೆಂದೂ ಕಂಡಿತು, ಈಗಷ್ಟೇ ಸಡಿಲಾದ ಮುಖ ಮತ್ತೆ ಬಿಗಿಯುತ್ತದೆ, ಹಾಗಾದ್ರ ತಿಳೀಲಿಲ್ರಿ ಎನ್ನುತ್ತಾನೆ, ಬೈಪಾಸಿನ ಮಾತಿಗೆ ಹೋಗುತ್ತಾನೆ. ಪಕ್ಕದಲ್ಲಿ ನೀಲಾಂಬಿಕಾ ಉಸಿರು ಹಿಡಿದು ಕೂತಿದ್ದಳು. ತೇಜಸ್ವಿಯ ತಾಯಿ, ನೋಡಿಯೇ ಇರದ ಆ ಹೆಂಗಸು, ಯಾವುದೋ ಊರಿನಲ್ಲಿ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತ ಹಾಗೆ ಕಂಡಿತು. ಮತ್ತು ಇದೂ ಇತ್ತು, ಇದನ್ನು ಮಲ್ಲವ್ವ ಆಮೇಲೆ ಎಷ್ಟು ತಿರುವಿ ನೋಡಿದರೂ ಇಲ್ಲವೆನ್ನಲಾಗಲಿಲ್ಲ: ಮನಿಯಾಕಿ ಎಂಬ ಮಾತು ಕಿವಿಗೆ ಹಿತವಾಗಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಹೌದ್ರಿ,” ಎಂದಳು, ನಕ್ಕಳು. “ಹಂಗ ಅನ್ಕೋರಿ. ಗಾಡಿ ಹೊಡಿಯಾಕಿ ಆಕಿ, ಸಿಟ್ಟು ಮಾಡಾಕಿ ಆಕಿ, ನಾ ರೊಟ್ಟಿ ಬಡಿಯಾಕಿ. ಮತ್ತ ಯಜಮಾನ್ರು ಅಂದ್ರ ಇನ್ನೇನು?”

ಉಮಾಶಂಕರ ತೊಡೆ ತಟ್ಟಿ ನಕ್ಕ. ಅವನ ಹೆಂಡತಿ ನಕ್ಕು ಟ್ರೇ ಕೆಳಗಿಟ್ಟಳು. “ಆತು ಬಿಡ್ರಿ, ಇಷ್ಟ್ ಸಾಕು. ನಾ ಹೇಳ್ತೀನಿ ಎಲ್ಲಾರ್ಗೂ,” ಎಂದ. ನೀಲಾಂಬಿಕಾ ಮಲ್ಲವ್ವನ ಕೈ ಹಿಡಿದು ಒತ್ತಿದಳು. ಸಂಜನಾ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಮಲ್ಲವ್ವನ ಮುಖವನ್ನೇ ನೋಡಿದಳು, ಆಮೇಲೆ ಫೋನು ಎತ್ತಿಕೊಂಡು, “ಐ ಹ್ಯಾವ್ ಸ್ಟಫ್ ಟು ಡೂ,” ಎಂದು ಮೇಲೆ ಹೋದಳು. ಮೇಲಿನ ಬಾಗಿಲು ಮುಚ್ಚಿದ ಸದ್ದು ಜೋರಾಗೇನೂ ಇರಲಿಲ್ಲ. ಬಳೆಯ ಸದ್ದಿನಷ್ಟೇ ಇತ್ತು. ಮಲ್ಲವ್ವ ಚಹಾ ಕುಡಿದಳು. ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು, ಸುಟ್ಟಿದ್ದು ಒಳ್ಳೆಯದಾಯಿತು ಎನಿಸಿತು.

ತಿರುಗಿ ಬರುವಾಗ ನೀಲಾಂಬಿಕಾ ಉದ್ದಕ್ಕೂ ಮಾತಾಡಿದಳು. ಮಲ್ಲವ್ವ ಬರೀ ಹೂಂಗುಟ್ಟಿದಳು. ಮನೆಯ ಮುಂದೆಯೇ ಇಳಿಸಿ ಹೋಗಲಿ, ಒಳಗೆ ಬಾರದಿರಲಿ ಎಂದು ಬೇಡಿಕೊಂಡಳು. ಆದರೆ ಗಿರಿಜಾ ಮುಂಬಾಗಿಲು ತೆರೆದುಕೊಂಡು ನಿಂತಿದ್ದಳು, ಬನ್ನಿ, ಶುಂಠಿ ಹಾಕಿ ಕಾಫಿ ಮಾಡಿದೀನಿ ಎಂದಳು. ಬೆಳಗಿನ ಮುಖವೇ ಅಲ್ಲ, ತಿಳಿಯಾಗಿದ್ದಳು. ಹೇಳಿ ಬಂದಿರುತ್ತಾಳೆ ಎಂದು ನಂಬಿಕೊಂಡು ಮಾಡಿದ ಕಾಫಿ ಅದು.

“ಗಿರಿಜಾ ಮೇಡಂ, ನಿಮ್ಮ ಮಲ್ಲವ್ವಕ್ಕ ಇವತ್ತ ಏನ್ ಮಾಡಿದ್ರು ಗೊತ್ತೈತೇನು!” ನೀಲಾಂಬಿಕಾ ಕೋಟು ಕೂಡ ತೆಗೆಯದೆ ಹೇಳಿದಳು. “ಒಂದ ಮಾತಿನ್ಯಾಗ ಉಮಾಶಂಕರನ್ನ ಗೆದ್ದಬಿಟ್ರು. ಮನೀ ಯಜಮಾನ್ರು ಯಾರು ಅಂದಾ ಅಂವ. ಗಾಡಿ ಹೊಡಿಯಾಕಿ ಆಕಿ, ಸಿಟ್ಟು ಮಾಡಾಕಿ ಆಕಿ, ಮತ್ತ ಯಜಮಾನ್ರು ಅಂದ್ರ ಇನ್ನೇನ್ ಅಂದಬಿಟ್ರು! ಮನೀ ತುಂಬ ನಕ್ರು. ಏನ್ ಟೈಮಿಂಗ್ ಅಂತೀನಿ!”

ಗಿರಿಜಾ ಕೂಡ ನಕ್ಕಳು. “ಹೌದಾ,” ಎಂದಳು. ಕಾಫಿ ಲೋಟ ನೀಲಾಂಬಿಕಾಳ ಕೈಗೆ ಕೊಟ್ಟಳು, ಇನ್ನೊಂದನ್ನು ಮಲ್ಲವ್ವನ ಕೈಗೆ ಕೊಟ್ಟಳು. “ಸಕ್ಕರೆ ನೋಡಿ, ಸಾಕಾ?” ಎಂದು ನೀಲಾಂಬಿಕಾಳನ್ನು ಕೇಳಿದಳು. ಹಲ್ಲು ಕಾಣುತ್ತಿದ್ದವು.

ಸೋಮವಾರ ಮಲ್ಲವ್ವ ಹೇಳಬೇಕೆಂದುಕೊಂಡಳು. ಏನು ಹೇಳುವುದು? ಹುಡುಗರ ಮದುವೆಗಾಗಿ ಹಾಗಂದೆ ಎಂದರೆ ಅರ್ಧ ನಿಜ, ಉಳಿದರ್ಧ ಗಿರಿಜಾಳಿಗೆ ಹೇಳದೆಯೇ ಗೊತ್ತು. ಗಿರಿಜಾ ಜಗಳವಾಡಿದ್ದರೆ ಸುಲಭವಿತ್ತು. ಎಂದಿನಂತೆ ಗುಳಿಗೆ ತೆಗೆದುಕೊಟ್ಟಳು, ಟಿವಿಯಲ್ಲಿ ಹವಾಮಾನ ನೋಡಿ ಈ ವಾರ ಹಿಮವಂತೆ ಎಂದಳು, ಮಂಗಳವಾರ ಚಳಿಗಾಲದ ಟೈರು ಹಾಕಿಸಿಕೊಂಡು ಬಂದಳು. ಮಾತೆಲ್ಲ ಇತ್ತು. ಮಲ್ಲಿ ಎಂದು ಕರೆಯುವುದು ಮಾತ್ರ ನಿಂತಿತ್ತು. ಹೆಸರೇ ಇಲ್ಲದೆ ಮಾತಾಡುತ್ತಿದ್ದಳು, ಬಾಡಿಗೆಯವರು ಮನೆಯವರ ಹತ್ತಿರ ಮಾತಾಡಿದಂತೆ. ಬುಧವಾರ ಮಧ್ಯಾಹ್ನ ಅಲಮಾರಿನ ಮುಂದೆ ಕೂತು ಸ್ವೆಟರು ಮಡಚುತ್ತ, “ಯೂನಿಯನ್‌ವಿಲ್ಲಿಗೆ ಹೋಗಿರ್ತೀನಿ, ಭಾಸ್ಕರನ ಮನೇಲಿ,” ಎಂದಳು. ಭಾಸ್ಕರ ಅವಳ ಅಣ್ಣನ ಮಗ. ಎಂದೋ ಕರೆಯುತ್ತಿದ್ದ, ಇವಳು ಎಂದೂ ಹೋಗಿರಲಿಲ್ಲ.

“ಎಷ್ಟ್ ದಿನಾ?”

“ನಿಮ್ಮ ಸಭೆ ಎಲ್ಲಾ ಮುಗೀಲಿ.”

ನಿಮ್ಮ ಎಂದಳು. ಮಲ್ಲವ್ವ ಮಂಚದ ಅಂಚಿಗೆ ಕೂತಳು. “ಸಭಾದಾಗ ನಾ ಎದ್ದು ನಿಂತು ಹೇಳ್ತೀನಿ. ಎಲ್ಲಾರ ಮುಂದ ಹೇಳ್ತೀನಿ, ಗಿರಿಜಾ.”

“ಹೇಳಿದ್ರೆ ಉಮಾಶಂಕರ ಕೈ ಎತ್ತಲ್ಲ. ಆ ಹುಡುಗ್ರ ಮದುವೆ ಏನಾಗ್ಬೇಕು? ಬೇಡ. ಹೇಳ್ಬೇಡ.” ಸ್ವೆಟರಿನ ತೋಳನ್ನು ಒಳಗೆ ಮಡಚಿದಳು, ಮತ್ತೆ ಬಿಚ್ಚಿ ಮಡಚಿದಳು. “ನೀನು ಮಾಡಿದ್ದು ತಪ್ಪು ಅಂತಾನೂ ಅಲ್ಲ. ಅದು ನಡೀಬೇಕು, ನಡೆಸು. ನನಗೆ ಸಾಕಾಗಿದೆ ಅಷ್ಟೆ. ಅವರು ಬೇಡ ಅಂದಾಗ ಇದ್ವಿ, ಚೆನ್ನಾಗೇ ಇದ್ವಿ. ಬೇಕು ಅಂತ ಶುರು ಮಾಡಿದ ಮೇಲೆ ನನಗೆ ಕೂರೋಕೆ ಜಾಗ ಸಿಗ್ತಿಲ್ಲ.”

ಮಲ್ಲವ್ವ ಅವಳ ಕೈಯನ್ನು ಹಿಡಿಯಬಹುದಿತ್ತು. ಕೈ ಅಲ್ಲಿಯೇ ಇತ್ತು, ಸ್ವೆಟರಿನ ಮೇಲೆ, ಹಳೆಯ ಸುಟ್ಟ ಗಾಯದ ಗುರುತಿನ ಕೈ. ಹಿಡಿದು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಆ ಕೈ ಬ್ಯಾಗಿನ ಜಿಪ್ಪು ಎಳೆಯಿತು.

ಮರುದಿನ ಬೆಳಿಗ್ಗೆ ತೆಳ್ಳಗೆ ಹಿಮ ಬಿದ್ದಿತ್ತು. ಕಸದ ಗಾಡಿ ಬರುವ ದಿನ. ಗಿರಿಜಾ ಎಂದಿನಂತೆ ಹಸಿರು ಡಬ್ಬಿಯನ್ನೂ ನೀಲಿ ಡಬ್ಬಿಯನ್ನೂ ರಸ್ತೆಯಂಚಿಗೆ ಎಳೆದು ನಿಲ್ಲಿಸಿ, ಗಾಳಿಗೆ ಬೀಳದಂತೆ ಒಂದಕ್ಕೊಂದು ಒತ್ತಿ ಇಟ್ಟು, ಕಾಲು ಜಾರದಂತೆ ಮೆಟ್ಟಿಲಿಗೆ ಉಪ್ಪು ಎರಚಿದಳು. ಮಲ್ಲವ್ವ ಕಿಟಕಿಯಲ್ಲಿ ನಿಂತಿದ್ದಳು. ಫೋನು ಬಡಿದುಕೊಂಡಿತು, ನೀಲಾಂಬಿಕಾ. ಉಮಾಶಂಕರ ಎಲ್ಲರಿಗೂ ಹೇಳಿದ್ದಾನಂತೆ, ಎಲ್ಲರೂ ಹೂಂ ಅಂದಿದ್ದಾರಂತೆ, ಗೆದ್ದಂಗ ಅಕ್ಕಾ, ಆದರೂ ಸಂಜೆ ಇನ್ನೆರಡು ಮನೆ ಮುಗಿಸಿಬಿಡೋಣ, ನಾನೇ ಬಂದು ಕರ್ಕೊಂಡು ಹೋಗ್ತೀನಿ, ತಯಾರಿರ್ರಿ ಎಂದಳು. ಛಲೋ ಆತವ್ವಾ, ತಯಾರಿರ್ತೀನಿ ಎಂದಳು ಮಲ್ಲವ್ವ. ಹೊರಗೆ ಕಾರು ಹಿಂದಕ್ಕೆ ಸರಿದು ರಸ್ತೆಗಿಳಿಯಿತು, ಸ್ವಲ್ಪ ನಿಂತಿತು, ಆಮೇಲೆ ತಿರುವಿನಲ್ಲಿ ಮರೆಯಾಯಿತು. ಹೋದವಳು ಗಿರಿಜಾ. ಅಂದು ಗುರುವಾರ.